ಕೊಂಬೆ ಇಳೀತು, ಗೌಡ ಏರಿದ

ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ನಾನು ಕಥೆಗೆ ಕೂತರೆ ಕೋಳಿ ಕೂಡ ಮೊಟ್ಟೆ ಇಡೋದು ಮರೀತದೆ!

ಹೆಸರಿಲ್ಲದ ಒಂದು ಸೀಮೆ. ಅಲ್ಲೊಂದು ಹುಣಸೆಮರ. ಅದರ ಆನೆಗಾತ್ರದ ಕೊಂಬೆಯೊಂದು ಪುಟ್ಟತಾಯಮ್ಮನ ಹೆಂಚಿನ ಮನೆ ಮೇಲೆ ಚಾಚಿತ್ತು. ಬಿರುಕು ಬಿಟ್ಟು ಕಿರ್ ಕಿರ್ ಅಂತಿತ್ತು. ಮನೆ ಒಳಗೆ ಯಾರು? ಆಯಮ್ಮನ ಬಾಣಂತಿ ಮಗಳು, ನಿನ್ನೆ ಹುಟ್ಟಿದ ಕೂಸು. ಹನ್ನೊಂದು ದಿನ ಹೊಸಿಲು ದಾಟೋ ಹಂಗಿಲ್ಲ.

ಮರ ಊರಗೌಡ ಮಂಚೇಗೌಡಂದು. ಪುಟ್ಟತಾಯಮ್ಮ ಒಂದು ಸಲ ಕೇಳಿದಳು, ಎರಡು ಸಲ ಕೇಳಿದಳು, ಮೂರನೇ ಸಲ ಅತ್ತೇಬಿಟ್ಟಳು.

"ಕಡೀರಿ. ಆದ್ರೆ ಒಂದು ಚಕ್ಕೆ ಯಾರೂ ಮುಟ್ಟಂಗಿಲ್ಲ. ಕೊಂಬೆ ಇಳಿಸೋ ಹಗ್ಗ ನಾನೇ ಹಿಡೀತೀನಿ" ಅಂದ ಗೌಡ.

ಮರ ಹತ್ತಿದೋನು ಕಾಳೀರ. ನಮ್ಮ ವಂಶದೋನೇ, ನನ್ನ ತೋಳು ನೋಡಿದ್ರೆ ಗೊತ್ತಾಗಲ್ವಾ? ಕೊಂಬೆಗೆ ಹಗ್ಗ ಬಿಗಿದ, ಮೇಲಿನ ಕವೆಯಲ್ಲಿ ಹಾಯಿಸಿ ತುದಿ ಕೆಳಕ್ಕೆ ಬಿಟ್ಟ.

"ಗೌಡ್ರೇ, ಮರದ ಬುಡಕ್ಕೆ ಮೂರು ಸುತ್ತು ಸುತ್ತಿ ಹಿಡೀರಿ!"

"ನಂಗೇ ಹೇಳ್ಕೊಡ್ತೀಯೇನ್ಲಾ?" ಗೌಡ ತನ್ನ ಸೊಂಟಕ್ಕೇ ಮೂರು ಸುತ್ತು ಸುತ್ತಿ ಗಂಟು ಹಾಕ್ಕೊಂಡ!

ಕಾಳೀರ ಮೊದಲು ಕೊಂಬೆಯ ಅಡಿಯಿಂದ ಗರಗಸ ಎಳೆದ, ಸಿಪ್ಪೆ ಸೀಳಬಾರದಲ್ಲ. ಆಮೇಲೆ ಮೇಲಿಂದ ಎಳೆದ. ಪಟ್! ಕೊಂಬೆ ಹೂವಿನಂಗೆ ಅಂಗಳಕ್ಕಿಳೀತು. ಒಂದು ಹೆಂಚು ಅಲುಗಲಿಲ್ಲ, ಕೂಸು ಕಣ್ಣು ಬಿಡಲಿಲ್ಲ. ಗೌಡ? ಸುಯ್ಯನೆ ಮೇಲಕ್ಕೆ ಹೋಗಿ ಕವೆ ಹತ್ರ ನೇತಾಡಿದ!

ಕಾಳೀರ ಅವನ ಪಕ್ಕದಲ್ಲೇ ಕೂತು ಮೂರನೇ ಕೊಯ್ತ ಮುಗಿಸಿದ. ಉಳಿದ ಮೋಟು ಸವರದಿದ್ರೆ ಮರದ ಗಾಯ ಮಾಯಲ್ಲ, ನೋಡಿ.

"ಹಗ್ಗ ಬಿಚ್ಚೋ!"

"ಬಿಚ್ಚಿದ್ರೆ ಬೀಳ್ತೀರಿ."

"ಕುಯ್ಯೋ!"

"ಕುಯ್ದರೂ ಬೀಳ್ತೀರಿ. ನೀವಿಳೀಬೇಕಾದ್ರೆ ಕೊಂಬೆ ಹಗುರಾಗಬೇಕು, ಆದ್ರೆ ಚಕ್ಕೆ ಮುಟ್ಟಂಗಿಲ್ವಲ್ಲ ಗೌಡ್ರೇ?"

ಗೌಡ ಒಂದು ಗಳಿಗೆ ಮೀಸೆ ತಿರುವಿದ. ಇನ್ನೊಂದು ಗಳಿಗೆ ಮುಖ ಊದಿಸಿದ. ಮೂರನೇ ಗಳಿಗೆಗೆ ಕೆಂಜಿಗ ಇರುವೆಗಳು ಪಂಚೆ ಒಳಗೆ ಹೊಕ್ಕವು.

"ಕಡ್ಕೊಂಡ್ ಹೋಗ್ರೋ!"

ಪುಟ್ಟತಾಯಮ್ಮ ಒಂದು ತುಂಡು ಕಡಿದು ಬಾಣಂತಿಗೆ ನೀರು ಕಾಸಿದಳು. ಗೌಡ ಒಂದು ಗೇಣು ಇಳಿದ. ಇನ್ನೊಂದು ತುಂಡು, ಇನ್ನೊಂದು ಗೇಣು. ಊರೋರು ಮುದ್ದೆ ಎಸೆದರು, ಗೌಡ ಬಾಯಲ್ಲೇ ಹಿಡಿದ. ಆಮೇಲೆ ಅವನ ಕೂಗು ಕೇಳಬೇಕಿತ್ತು: "ತಾಯೀ, ಕೂಸಿಗೆ ದಿನಕ್ಕೆ ಮೂರು ಸಲ ನೀರು ಹಾಕವ್ವಾ! ಇನ್ನೂ ಉರಿ ಹಾಕವ್ವಾ!"

ಹನ್ನೊಂದನೇ ದಿನ ಗೌಡನ ಕಾಲು ನೆಲ ಮುಟ್ಟಿತು. ಅಂಗಳದಲ್ಲಿ ಒಂದು ಕಡ್ಡಿಯೂ ಇಲ್ಲ.

"ನನ್ನ ಕೊಂಬೆ ಎಲ್ಲವ್ವಾ?"

ಪುಟ್ಟತಾಯಮ್ಮ ಆಗತಾನೇ ಮೀಯಿಸಿದ ಕೂಸನ್ನ ಅವನ ಕೈಗಿಟ್ಟಳು. "ಇಲ್ಲೈತೆ ಗೌಡ್ರೇ. ಮುಟ್ಟಿ ನೋಡಿ, ಇನ್ನೂ ಬೆಚ್ಚಗೈತೆ."

ಗೌಡ ಸೊಂಟದ ಹಗ್ಗ ಬಿಚ್ಚಿ ತೊಟ್ಟಿಲು ಕಟ್ಟೋಕೆ ಕೊಟ್ಟ.

ಗೌಡ ಇಳಿದ, ಕಥೆ ಇಳೀತು, ನಾನೂ ಜಗಲಿ ಇಳಿದೆ.