ಬ್ಯಾರಿ ಸ್ಯಾಂಡರ್ಸ್ ಯಾಕೆ ಮೊದಲು

ಸಂಜೆ ಪರದೇಶದ ಡಾಕ್‌ಲ್ಯಾಂಡ್ಸ್ ಬಡಾವಣೆಯ ಟ್ರಾಮ್ ಸ್ಟಾಪಿನಲ್ಲಿ ನನ್ನ ಪಕ್ಕ ಹುಬ್ಬಳ್ಳಿ ಕಡೆಯ ಇಬ್ಬರು ಕುಳಿತಿದ್ದರು. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವ ರನ್ನಿಂಗ್ ಬ್ಯಾಕ್‌ಗಳ ಪೈಕಿ ಯಾರು ಎಲ್ಲರಿಗಿಂತ ದೊಡ್ಡವರೆಂಬ ಚರ್ಚೆ.

“ಎಮ್ಮಿಟ್ ಸ್ಮಿತ್ ರೀ ಅಣ್ಣಾ. ಎಲ್ಲಾರಕಿಂತ ಜಾಸ್ತಿ ಓಡಿದಾಂವ,” ಎಂದ ಕಿರಿಯ.

“ನನಗ ಬ್ಯಾರಿ ಸ್ಯಾಂಡರ್ಸ್,” ಎಂದರು ಹಿರಿಯರು.

“ಅಂವ ಓಟದ ರೆಕಾರ್ಡ್ ಹತ್ರ ಬಂದು ಆಟಾನ ಬಿಟ್ಟನಲ್ರಿ!”

“ಅದಕ್ಕ ಅಂವ ಮೊದಲು. ಕಾಲಾಗ ಇನ್ನೂ ಕಸುವಿತ್ತು. ಮನಸ್ಸು ಸಾಕಂತು, ಬಿಟ್ಟ.”

“ಬಿಡೂದಕ್ಕೂ ರ‍್ಯಾಂಕ್ ಏನ್ರಿ?”

“ಇವತ್ತ ಮಧ್ಯಾಹ್ನ ನಾನೂ ರಾಜೀನಾಮೆ ಕೊಟ್ಟೆ, ಸಂಕೇತ.”

ಸಂಕೇತ ಅವರತ್ತ ತಿರುಗಿದ. “ಮನ್ಯಾಗ ನೀಲಕ್ಕಗ ಹೇಳೀರೇನ್ರಿ?”

“ಆಕೀನ ಹೇಳಿದ್ಳೋ. ದಣದೀರಿ, ಇನ್ನ ಸಾಕು, ಮನೀಗೆ ಬರ್ರಿ ಅಂತ.”

ಟ್ರಾಮ್ ಬಂತು. ಅಣ್ಣನ ಲ್ಯಾಪ್‌ಟಾಪ್ ಚೀಲವನ್ನು ಸಂಕೇತನೇ ಹೆಗಲಿಗೇರಿಸಿಕೊಂಡ. ಇಬ್ಬರೂ ನಿಧಾನವಾಗಿ ಹತ್ತಿಹೋದರು.