ಕಣದ ತಳದ ಕಾಳು

ಅಧ್ಯಕ್ಷರಾದ ಸಂಗಪ್ಪನವರೇ, ಬೈಲಹೊಂಗಲದಿಂದ ದಯಮಾಡಿಸಿರುವ ಅತಿಥಿಗಳೇ, ಯರಗಟ್ಟಿಯ ಸಿರಿಧಾನ್ಯ ಬೆಳೆಗಾರರ ಬಳಗದವರೇ, ತಾಯಂದಿರೇ, ಸಭಿಕರೇ,

ಇಂಥ ಬಿಸಿಲಿನಲ್ಲಿ ಉಣ್ಣೆಯ ಶಾಲು ಹೊದಿಸಿದ್ದೀರಿ. ಇದು ಸನ್ಮಾನವೋ ಶಿಕ್ಷೆಯೋ ಎಂದು ಕೇಳಿ ನಿಮ್ಮನ್ನು ನಗಿಸಬೇಕೆಂದು ಮನೆಯಿಂದ ಯೋಚಿಸಿಕೊಂಡು ಬಂದಿದ್ದೆ. ಅಭಿನಂದನ ಪತ್ರದಲ್ಲಿ ನನ್ನನ್ನು ದಾಸೋಹಿ ಎಂದು ಕರೆದಿದ್ದೀರಿ. ಶೈಲಜಾ ಟೀಚರ್ ಆ ಪದವನ್ನು ಮೂರು ಸಲ ಓದಿದರು. ಮೂರು ಸಲವೂ ನಾನು ನೆಲ ನೋಡಿದೆ.

ದಾಸೋಹವೆಂದರೆ ಏನು ಸಭಿಕರೇ? ನಮ್ಮ ಮನೆಯ ಪದ್ಧತಿ ಹೇಳುತ್ತೇನೆ. ರಾಶಿಯಾದ ಮೇಲೆ ಮೇಲಿನ ಕಾಳು ನಮ್ಮದು. ಕಣದ ತಳದಲ್ಲಿ ಉಳಿದ ಕಾಳು, ಮಣ್ಣು, ಕಳೆಬೀಜ ಎಲ್ಲವನ್ನೂ ಗುಡಿಸಿ ಚೀಲ ಕಟ್ಟಿ ಬಡವರಿಗೆ ಕೊಡುವುದು. ನಮ್ಮವ್ವ ಸೋಮವ್ವ ಕೊಡುತ್ತಿದ್ದಳು, ನಾನೂ ಕೊಡುತ್ತ ಬಂದೆ. ಈಗ ಯಂತ್ರ ಬಂದಿದೆ. ಆದರೂ ಅದು ಬೇಡವೆಂದು ಉಗುಳಿದ್ದನ್ನೇ ಚೀಲ ಕಟ್ಟುತ್ತೇವೆ. ಪುಣ್ಯದ ಕೆಲಸ ಎಂದುಕೊಂಡಿದ್ದೆ.

ಈ ಸಲದ ಮುಂಗಾರಿನಲ್ಲಿ ಮಳೆ ಬಿಡುವು ಕೊಡಲಿಲ್ಲ, ಕಳೆ ತೆಗೆಯಲಾಗಲಿಲ್ಲ. ನವಣೆಯ ಜೊತೆಗೇ ಹಳದಿ ಹೂವಿನ ಆ ಗಿಡ ಎದ್ದಿತು. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುತ್ತದಲ್ಲ, ಅದೇ. ಅದನ್ನು ದನಕ್ಕೆ ಹಾಕಬೇಡ ಎಂದು ಆಳಿಗೆ ನಾನೇ ತಾಕೀತು ಮಾಡಿದ್ದೆ. ಹೌದು, ದನದ ಬಗ್ಗೆ ನನಗೆ ಎಚ್ಚರವಿತ್ತು.

ಬೀರವ್ವ ಇಪ್ಪತ್ತು ವರ್ಷ ನಮ್ಮ ಹೊಲದಲ್ಲಿ ದುಡಿದವಳು. ಗಂಡನಿಲ್ಲ. ಮಗಳು ಭಾಗೀರಥಿ ಹೊಲಿಗೆ ಕಲಿಯುತ್ತಿದ್ದಳು. ಅವರಿಗೆ ಎರಡು ಚೀಲ ಕೊಟ್ಟಿದ್ದೆ. ಕೆಲವು ವಾರಗಳ ಮೇಲೆ ಬೀರವ್ವ ಅಂಗಳಕ್ಕೆ ಬಂದಳು.

"ಸಾವಕಾರ್ರ, ನವಣಿ ಅನ್ನ ಕಹಿ ಹತ್ತಾಕತ್ತೈತ್ರಿ. ಹುಡುಗಿ ಹೊಟ್ಟಿ ಉಬ್ಬೇತ್ರಿ."

ನಾನು ಚಹಾ ಕುಡಿಯುತ್ತಿದ್ದೆ. "ಪುಕ್ಕಟ ಕಾಳಿಗೆ ರುಚಿ ಬ್ಯಾರೆ ಬೇಕೇನ? ಕೇರಿ, ಹಸನ ಮಾಡಿ ಉಣ್ಣಬೇಕವಾ" ಎಂದೆ.

"ಆತ್ರಿ" ಎಂದು ಹೋದಳು. ಬೇರೆ ಕಾಳು ಎಲ್ಲಿತ್ತು ಅವಳಿಗೆ?

ಹುಡುಗಿಗೆ ತೀರ ಹೆಚ್ಚಾದಾಗ ತಾಯಿ ಮಗಳನ್ನು ಧಾರವಾಡದ ಆಸ್ಪತ್ರೆಗೆ ನನ್ನ ಕಾರಿನಲ್ಲಿಯೇ ಕರೆದೊಯ್ದೆ. ಅದನ್ನೂ ಅಭಿನಂದನ ಪತ್ರದಲ್ಲಿ ಬರೆದಿದ್ದೀರಿ. ವೈದ್ಯರು ಬಿಡಿಸಿ ಹೇಳಿದರು. ಕಾಳಿನಲ್ಲಿ ಬೆರೆತ ಆ ಗಿಲಿಗಿಲಿ ಗಿಡದಂಥ ಕಳೆಯ ಬೀಜದ ವಿಷ ಯಕೃತ್ತಿನ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತದಂತೆ, ರಕ್ತಕ್ಕೆ ದಾರಿಯಿಲ್ಲದೆ ಹೊಟ್ಟೆಯಲ್ಲಿ ನೀರು ನಿಲ್ಲುತ್ತದಂತೆ. ಶ್ವಾಸಕೋಶದ ನಾಳಗಳನ್ನೂ ಅದು ಕೆಡಿಸಬಲ್ಲದಂತೆ. ಬೇಯಿಸಿದರೂ ಹೋಗುವುದಿಲ್ಲವಂತೆ. ಭಾಗೀರಥಿ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತಿರುತ್ತಿದ್ದಳು.

"ಕಾಳು ಎಲ್ಲಿಂದ ಬಂದಾವ್ರಿ?" ಎಂದು ವೈದ್ಯರು ಕೇಳಿದರು. "ಎಲ್ಲೋ ಸಂತ್ಯಾಗ ತಂದಿರಬೇಕ್ರಿ" ಎಂದೆ. ಬೀರವ್ವ ಪಕ್ಕದಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಮೂರನೆಯ ದಿನ ಹುಡುಗಿ ತೀರಿಕೊಂಡಳು. ಬೀರವ್ವನ ಹೊಟ್ಟೆಯೂ ಬಾತಿದೆ. ಅವಳಿನ್ನೂ ಆಸ್ಪತ್ರೆಯಲ್ಲೇ ಇದ್ದಾಳೆ.

ಇದಾಗಿ ಹನ್ನೆರಡು ದಿನವಾಯಿತು. ನಾನು ಒಟ್ಟು ಹನ್ನೊಂದು ಚೀಲ ಹಂಚಿದ್ದೆ. ಮನೆಗೊಂದರಂತೆ ಕೊಟ್ಟ ಉಳಿದ ಒಂಬತ್ತರ ವಿಚಾರ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮರಳಿ ತರಲು ಹೋದರೆ ಏಕೆಂದು ಕೇಳುತ್ತಾರೆ, ಈ ಸಮಾರಂಭವೊಂದು ಮುಗಿಯಲಿ ಎಂದು ಕಾದೆ. ಸಭಿಕರೇ, ಒಂದು ಸನ್ಮಾನಕ್ಕಾಗಿ ಕಾದೆ. ಆ ಒಂಬತ್ತು ಮನೆಗಳಲ್ಲಿ ಹನ್ನೆರಡು ದಿನ ಅದೇ ಅನ್ನವನ್ನು ಉಂಡಿದ್ದಾರೆ.

ಆ ಮನೆಯವರು ಕೆಲವರು ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ಈಗಲೇ ಏಳಿ. ನನ್ನ ಮಾತು ಮುಗಿಯಲೆಂದು ಕಾಯಬೇಡಿ. ಒಲೆಯ ಮೇಲಿದ್ದರೆ ಇಳಿಸಿ ಚೆಲ್ಲಿ, ಕೋಳಿಗೂ ಹಾಕಬೇಡಿ. ಹೊಟ್ಟೆ ಉಬ್ಬಿದವರು, ಏದುಸಿರು ಬಿಡುವವರು ಯಾರಿದ್ದರೂ ಇಂದೇ ದವಾಖಾನೆಗೆ ಹೊರಡಿ, ಬಾಗಿಲಲ್ಲಿ ನನ್ನ ಗಾಡಿ ನಿಂತಿದೆ. ಕಾಳು ಎಲ್ಲಿಯದೆಂದು ಡಾಕ್ಟರು ಕೇಳುತ್ತಾರೆ. ಈ ವಿರೂಪಾಕ್ಷನ ಕಣದ್ದು ಎಂದು ನನ್ನ ಹೆಸರನ್ನೇ ಹೇಳಿ. ದಯವಿಟ್ಟು ಬೀರವ್ವನ ಹಾಗೆ ಸುಮ್ಮನಿರಬೇಡಿ.

ಇಷ್ಟನ್ನು ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು. ನಮಸ್ಕಾರ.