ಅಕ್ಕು ಉಂಟು

ಬೋವಿಕಾನದಿಂದ ಹೊಳೆಯ ಕಡೆಗೆ ಇಳಿಯುವ ನಮ್ಮ ರಸ್ತೆಗೆ ಎರಡು ಬದಿಯಲ್ಲೂ ಧೂಪದ ಮರಗಳಿವೆ. ಮಳೆಗಾಲದಲ್ಲಿ ಅವು ನೆತ್ತಿಯ ಮೇಲೆ ಎಷ್ಟು ಒತ್ತಾಗಿ ಕೂಡಿಕೊಳ್ಳುತ್ತವೆಂದರೆ ಬಸ್ಸಿನವರು ಹಗಲಲ್ಲೇ ಲೈಟು ಹಾಕುತ್ತಾರೆ. ತಿರುವು ದಾಟಿದ ಕೂಡಲೇ ಬಲಕ್ಕೆ ಇಡೀ ಕಣಿವೆ ತೆರೆದುಕೊಂಡು ಕೆಳಗೆ ಕೆಂಪು ನೀರಿನ ಹೊಳೆ ಕಾಣುತ್ತದೆ. ಅದನ್ನು ನೋಡಿ ಹೋದವರೇ ಅಲ್ಲಿ ರೆಸಾರ್ಟು, ಅಂಗಡಿಗಳ ಸಾಲು, ನಾಲ್ಕು ಪಥದ ರಸ್ತೆ ಬೇಕೆಂದು ಹೊರಟದ್ದು. ಬೇಡವೆಂದು ಊರವರು ಹಿಡಿದ ಹಟಕ್ಕೆ ಈ ಎರಡು ಸಾವಿರದ ಹತ್ತೊಂಬತ್ತರ ಜೂನಿಗೆ ಎಂಟು ವರ್ಷ.

ಗುರುವಾರದ ಹಿಯರಿಂಗಿಗೆ ಆಕ್ಷೇಪದ ಅರ್ಜಿ ಬರೆಯಲು ನಾವು ವಾಚನಾಲಯದ ಜಗಲಿಯಲ್ಲಿ ಸೇರಿದ್ದೆವು. ಸಂಜೆ ನಾಲ್ಕಕ್ಕೇ ಕತ್ತಲು ಕವಿದು, ಕರೆಂಟು ಹೋಗಿ, ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ದೀಕ್ಷಿತಾ ತಗ್ಗಿಸಿದ ತಲೆ ಎತ್ತದೆ ಶುದ್ಧಪ್ರತಿ ಬರೆಯುತ್ತಿದ್ದಳು. ರಂಶೀನಾ ಅದನ್ನು ಮಲಯಾಳಕ್ಕೆ ಇಳಿಸುತ್ತಿದ್ದಳು. ನಾನು ಹಾಳೆ ಮಡಚುತ್ತಿದ್ದೆ. ಎಪ್ಪತ್ತನಾಲ್ಕರ ಸೌದಾಮಿನಿ ಕಂಬಕ್ಕೆ ಒರಗಿ ಕೂತಿದ್ದಳು.

"ಪ್ರತಿ ಅರ್ಜಿಯಲ್ಲೂ ಮೊದಲ ಹೆಸರು ಅಕ್ಕು ಅಂತ ಯಾಕೆ?" ರಂಶೀನಾ ಕೇಳಿದಳು. "ಅವರು ತೀರಿಹೋಗಿ ಎಷ್ಟು ಕಾಲ ಆಯ್ತು!"

"ತೀರಿಹೋದದ್ದು ಹೌದು," ಎಂದಳು ಸೌದಾಮಿನಿ. "ಇಲ್ಲ ಅಂತ ನಿನಗೆ ಯಾರು ಹೇಳಿದ್ದು?"

ರಂಶೀನಾ ಪೆನ್ನು ಕೆಳಗಿಟ್ಟಳು. ಸೌದಾಮಿನಿ ಹೇಳತೊಡಗಿದಳು.

"ಕೇಳಿ ಮಕ್ಕಳೇ... ಮೊದಲನೇ ಹಿಯರಿಂಗಿನ ಸುದ್ದಿ ಇದು. ಆ ತಿರುವಿನ ಜಾಗ ಅಕ್ಕುವಿನದ್ದು, ತಿರುವು ಸಿಕ್ಕಿದರೆ ಇಡೀ ರಸ್ತೆ ಸಿಕ್ಕಿದ ಹಾಗೆ, ಅವಳು ಕೊಡದಿದ್ದರೆ ಅವರ ಪ್ಲಾನು ಅಲ್ಲಿಗೇ ನಿಂತಿತು. ಅವಳೆಂತ ಮಾಡಿದಳು ಗೊತ್ತುಂಟಾ? ವಕೀಲ ಗಿಕೀಲ ಯಾರೂ ಇಲ್ಲದೆ, ಇದೇ ಜಗಲಿಯ ರಾತ್ರಿ ಕ್ಲಾಸಿನಲ್ಲಿ ಕಲಿತ ಅಕ್ಷರದಲ್ಲಿ, 'ನನ್ನ ಮರ ಕಡಿಯಬಾರದು, ರಸ್ತೆ ಹೀಗೇ ಇರಬೇಕು' ಅಂತ ಬರೆದು ಕೊಟ್ಟಳು. ಆದರೆ ನಿಯಮ ಅಂತ ಒಂದು ಉಂಟಲ್ಲ... ಹೆಸರು ಕರೆಯುವಾಗ ಆಸಾಮಿ ಎದುರು ಇರಬೇಕು, ಇಲ್ಲದಿದ್ದರೆ ಆಕ್ಷೇಪ ಬಿದ್ದುಹೋಯಿತು. ಹಿಯರಿಂಗಿಗೆ ಮೂರು ದಿನ ಇರುವಾಗ ಅಕ್ಕು ಜ್ವರದಲ್ಲಿ ಹೋದಳು. ನಾನೇ ಕೈಯಾರೆ ಮೀಯಿಸಿದ್ದು. ಅವಳ ಅಣ್ಣನ ಮಗ ವಾಸಪ್ಪ, ಬೂದಿ ಆರುವ ಮೊದಲೇ ರೆಸಾರ್ಟಿನವರ ಜೀಪಿನಲ್ಲಿ ತಿರುಗಲಿಕ್ಕೆ ಶುರು ಮಾಡಿದ.

"ಅವತ್ತು ಮಳೆ ಅಂದರೆ ಮಳೆ. ಹಿಯರಿಂಗಿನ ಹಾಲ್‌ನೊಳಗೆ ನಲವತ್ತು ಜನ, ಒದ್ದೆ ಕೊಡೆಗಳ ವಾಸನೆ. ಆಫೀಸರು ತೆಂಕು ಕಡೆಯವ, ಹೊಸಬ, ಮಲಯಾಳ ಬಿಟ್ಟು ಬೇರೆ ಬಾರದು. ಪಟ್ಟಿ ಬಿಡಿಸಿ ಮೊದಲ ಹೆಸರು ಕರೆದ... 'ಅಕ್ಕು ಉಂಡೋ?' ಇದ್ದಾಳಾ ಅಂತ. ವಾಸಪ್ಪ ಏಳಲಿಕ್ಕೆಂದು ಬೆಂಚಿನಡಿ ಕಾಲಿನಲ್ಲಿ ಚಪ್ಪಲಿ ಹುಡುಕುತ್ತಿದ್ದ. ನನ್ನ ಬಾಯಿಯಿಂದ ಹೇಗೆ ಬಂತೋ... 'ಉಂಟು' ಅಂದೆ! ಎಂತ ಯೋಚನೆ ಮಾಡಿ ಅಂದೆ ಅಂತ ಕೇಳಬೇಡಿ. ರಾತ್ರಿ ಕ್ಲಾಸಿಗೆ ಅವಳು ದನ ಕರೆದು ತಡವಾಗಿ ಬರುತ್ತಿದ್ದಳು, ಹಾಜರಿ ಕೂಗುವಾಗ ಅವಳದ್ದನ್ನು ನಾನೇ ಹೇಳಿ ಅಭ್ಯಾಸ. ತುಳುವಿನವರಿಗೆ, ಬ್ಯಾರಿಯವರಿಗೆ, ಮಲಯಾಳದವರಿಗೆ, ಎಲ್ಲರಿಗೂ ಆ ಒಂದು ಮಾತು ತಿಳಿಯುತ್ತದೆ. ಬದುಕಿದವರಿಗೆ ಮಾತ್ರವಾ ತಿಳಿಯುವುದು?

"ಆಫೀಸರು ತಲೆ ಎತ್ತಿದ. ನನ್ನನ್ನು ನೋಡಲಿಲ್ಲ ಮಾರಾಯ್ತಿ... ಎದುರಿನ ಖಾಲಿ ಕುರ್ಚಿಯನ್ನು ನೋಡಿ ಅವನ ಮುಖ ಮೆತ್ತಗಾಯಿತು. 'ಇರುನ್ನೋಳೂ ಅಮ್ಮೇ' ಅಂದ. ಕೂತುಕೊಳ್ಳಿ ಅಮ್ಮಾ ಅಂತ! ವಾಸಪ್ಪ, 'ಸಾರ್, ನನ್ನ ಅತ್ತೆ ಸತ್ತು ಮೂರು ದಿನ ಆಯ್ತು ಸಾರ್' ಅಂತ ಬೊಬ್ಬೆ ಹೊಡೆದ. 'ಎದುರು ಕೂತ ಮುದುಕಿಯನ್ನು ಸತ್ತಳು ಅಂತೀಯಾ, ನಾಚಿಕೆ ಇಲ್ಲವಾ' ಅಂತ ಆಫೀಸರು ಅವನಿಗೇ ಮಲಯಾಳದಲ್ಲಿ ಬೈದು, ಪುಸ್ತಕ ತಿರುಗಿಸಿ ಕುರ್ಚಿಯ ಕಡೆಗೆ ಪೆನ್ನು ಚಾಚಿದ. ಪೆನ್ನು ಅವನ ಕೈಯಿಂದ ಹೋಯಿತು... ಬಿದ್ದ ಶಬ್ದ ಆಗಲಿಲ್ಲ.

"ಆಮೇಲೆ ಎಲ್ಲರೂ ಬಗ್ಗಿ ನೋಡಿದೆವು. ಅಕ್ಕು ಅಂತ ರುಜು. ಕ-ಒತ್ತನ್ನು ಕೆಳಗಿನ ಗೆರೆ ದಾಟುವಷ್ಟು ಇಳಿಸಿ ಬರೆಯುವುದು ಅವಳೊಬ್ಬಳೇ, ಮೇಷ್ಟ್ರು ಎಷ್ಟು ತಿದ್ದಿದರೂ ಬಿಡಲಿಲ್ಲ. ಶಾಯಿ ಹಸಿ! ವಾಸಪ್ಪ ಚಪ್ಪಲಿ ಬಿಟ್ಟು ಆ ಮಳೆಗೆ ಓಡಿದವ, ಇವತ್ತಿನವರೆಗೆ ಮರಣದ ಸರ್ಟಿಫಿಕೇಟಿಗೆ ಅರ್ಜಿ ಹಾಕಲಿಲ್ಲ.

"ನಗು ಬರ್ತದಾ ರಂಶೀನಾ? ನನಗೂ ಬಂದಿತ್ತು. ಆಗ ಕರೆದ ಮುಂದಿನ ಹೆಸರು ನನ್ನದು. 'ಉಂಟು' ಅಂದೆ. ಆಫೀಸರು ಸುತ್ತ ನೋಡಿದ. ಎದ್ದು ನಿಂತು ಗಟ್ಟಿಯಾಗಿ ಅಂದೆ. ಮೇಜಿನ ಹತ್ತಿರ ಹೋಗಿ ಅಂಗೈ ಬಡಿದು ಅಂದೆ... ಅವ ನನ್ನ ಹೆಸರಿನ ಎದುರು ಅಡ್ಡಗೆರೆ ಎಳೆದ. ತಿರುಗಿ ನೋಡುತ್ತೇನೆ, ನಿನ್ನ ಅಜ್ಜಿ ಆಯಿಶುಮ್ಮ, ನನ್ನ ಪಕ್ಕದಲ್ಲೇ ಕೂತಿದ್ದವಳು, ತನ್ನ ಒದ್ದೆ ಕೊಡೆಯನ್ನು ನನ್ನ ಕುರ್ಚಿಯ ಮೇಲೆ ಇಟ್ಟಿದ್ದಾಳೆ! ಒಂದು ಗಂಟೆ ಕಳೆದು ಚಾದಂಗಡಿಯ ಎದುರು ಸಿಕ್ಕಿದಾಗ, 'ಎಲ್ಲಿ ಸಾಯಲಿಕ್ಕೆ ಹೋಗಿದ್ದಿ, ನಿನ್ನ ಹೆಸರು ಕರೆದರಲ್ಲ' ಅಂತ ನನಗೇ ಬೈದಳು. ನನ್ನ ಹತ್ತಿರ ಇದ್ದದ್ದು ಒಂದೇ 'ಉಂಟು'... ಅದನ್ನು ಅಕ್ಕುವಿಗೆ ಕೊಟ್ಟುಬಿಟ್ಟಿದ್ದೆ.

"ಹಾಗಂತ ಅವರು ಬಿಡ್ತಾರಾ? ವರ್ಷಕ್ಕೊಂದು ಹೊಸ ಪ್ಲಾನು, ಹೊಸ ಹಿಯರಿಂಗು, ಹೊಸ ಆಫೀಸರು. ಅಕ್ಕು ಇಲ್ಲ ಅಂದ ದಿನ ತಿರುವು ಹೋಯಿತು, ಮರ ಹೋಯಿತು. ಹೇಳದೆ ಇರಲಿಕ್ಕೆ ಆಗ್ತದಾ? ಎರಡನೇ ಸಲ ಇಡೀ ದಿನ ಯಾರಿಗೂ ಕಾಣಲಿಲ್ಲ, ಕೈ ಅಡ್ಡ ಹಿಡಿದರೂ ಬಸ್ಸು ನಿಲ್ಲಿಸಲಿಲ್ಲ. ಮತ್ತೊಂದು ವರ್ಷ ಮೂರು ದಿನ... ಸೊಸೆ ನನ್ನ ಎದುರಿಗೇ ಎಲ್ಲರಿಗೂ ಗಂಜಿ ಬಡಿಸಿ ಪಾತ್ರೆ ತೊಳೆದಿಟ್ಟಳು. ಕಳೆದ ವರ್ಷ..."

ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

"ಗುರುವಾರ ಮತ್ತೆ ಕರೀತಾರೆ. ಈ ಸಲ ನನ್ನಿಂದ ಆಗಲಿಕ್ಕಿಲ್ಲ ಮಕ್ಕಳೇ. ನಿಮ್ಮಲ್ಲಿ ಯಾರು ಹೇಳ್ತೀರಿ?"

ರಂಶೀನಾ ನನ್ನ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ದೀಕ್ಷಿತಾ ಕೊನೆಯ ಹಾಳೆ ಮುಗಿಸಿ, ಶಾಯಿ ಒಣಗಲೆಂದು ಊದಿ, ತಲೆ ಎತ್ತಿದಳು.

"ಇಬ್ಬರೂ ಎಂತ ಆಗಿನಿಂದ ಬಾಯಿ ಬಿಟ್ಟುಕೊಂಡು ಕಂಬ ನೋಡ್ತಾ ಕೂತದ್ದು?" ಎಂದಳು. "ಸೌದಾಮಿನಿ ಅಜ್ಜಿಗೆ ಒಂದು ಫೋನಾದರೂ ಮಾಡಿ. ಬರ್ತೇನೆ ಅಂದವರು ಇನ್ನೂ ಬರಲಿಲ್ಲ."

ಸೌದಾಮಿನಿ ಅವಳ ಕಡೆಗೆ ತಿರುಗಲೂ ಇಲ್ಲ. ನಮ್ಮಿಬ್ಬರನ್ನೇ ನೋಡಿದಳು.

"ನೋಡಿದಿರಾ..." ಎಂದಳು. "ಒಬ್ಬರಿಗೆ ಕಂಡರೆ ಒಬ್ಬರಿಗಿಲ್ಲ. ಕಳೆದ ವರ್ಷದ್ದೇ ಇನ್ನೂ ಮುಗಿದಿಲ್ಲ."